ಲೆನ್ಸಿನ ಮುಂದೊಂದು ನೆರಳು

ಬಿಸಿಲಲ್ಲಿ ದೂರ ನೋಡುವಾಗ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಲೆನ್ಸ್ ಹುಡ್ ಮಾಡುವುದೂ ಅಷ್ಟೇ: ಚೌಕಟ್ಟಿನ ಹೊರಗಿನ ಬೆಳಕು ಗಾಜಿಗೆ ತಾಗದಂತೆ ತಡೆಯುತ್ತದೆ. ಈ ತಡೆ ಏಕೆ ಬೇಕೆಂಬುದನ್ನು ಗಾಜಿನ ಚರಿತ್ರೆಯೇ ಹೇಳುತ್ತದೆ.

ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. 1896ರಲ್ಲಿ ಜರ್ಮನಿಯ ಝೈಸ್ ಕಂಪನಿಗಾಗಿ ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನಾರ್ ಲೆನ್ಸಿನಲ್ಲಿ ಗಾಳಿಗೆ ತೆರೆದ ಅಂಥ ಮೈಗಳು ಎಂಟು. ಒಳಗೇ ಪುಟಿದಾಡಿದ ಬೆಳಕು ಚಿತ್ರದ ಕಪ್ಪನ್ನು ಬೂದು ಮಾಡುತ್ತಿತ್ತು. ಹಾಗಾಗಿ ಪ್ಲಾನಾರ್ ಹಿಂದೆ ಬಿತ್ತು. 1902ರಲ್ಲಿ ಬಂದ, ಆರೇ ಮೈಗಳ ಟೆಸ್ಸಾರ್ ಜನಪ್ರಿಯವಾಯಿತು. 1935ರಲ್ಲಿ ಅದೇ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ತೆಳು ಲೇಪನವನ್ನು ಕಂಡುಹಿಡಿದರು. ಪ್ಲಾನಾರ್ ಮಾದರಿಗೆ ಮರುಹುಟ್ಟು ಸಿಕ್ಕಿದ್ದು ಲೇಪನ ಬಂದ ಬಳಿಕ.

ಹಾಗಾದರೆ ಹುಡ್ ಅನಗತ್ಯವಾಯಿತೇ? ಲೇಪನ ಪ್ರತಿಫಲನವನ್ನು ಕುಗ್ಗಿಸುತ್ತದೆ, ಪೂರ್ತಿ ಅಳಿಸದು. ಗಾಜಿನ ಮೇಲಿನ ಧೂಳು, ಬೆರಳ ಗುರುತುಗಳೂ ಪಕ್ಕದಿಂದ ಬಂದ ಬಿಸಿಲನ್ನು ಚದುರಿಸುತ್ತವೆ. ಹುಡ್‌ನ ಕೆಲಸ ಉಳಿಯಿತು. ಬದಲಾದದ್ದು ನೋಡುವವರ ಅಭಿರುಚಿ. 1969ರ ‘ಈಸಿ ರೈಡರ್’ ಚಿತ್ರದಲ್ಲಿ ಛಾಯಾಗ್ರಾಹಕ ಲಾಸ್ಲೊ ಕೋವಾಚ್ ಲೆನ್ಸಿಗೆ ಬಡಿದ ಬಿಸಿಲಿನ ಬಿಲ್ಲೆಗಳನ್ನು ಹಾಗೇ ಉಳಿಸಿಕೊಂಡರು. ಹಿಂದೆ ದೋಷವೆನಿಸಿದ್ದು ಅಲ್ಲಿ ಹೆದ್ದಾರಿಯ ಬಿಸಿಲಾಗಿಯೇ ಕಂಡಿತು.

ಸೂರ್ಯ ಚೌಕಟ್ಟಿನೊಳಗೇ ಇದ್ದರೆ ಹುಡ್ ಅವನನ್ನು ತಡೆಯಲಾರದು. ಹೊರಗಿದ್ದರೆ ಆಯಾ ಲೆನ್ಸಿಗೆ ಹೊಂದುವ ಹುಡ್ ಬೇಕು. ಉದ್ದ ಹೆಚ್ಚಾದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಹುಡ್ ಹಾಕಿಕೊಂಡು ಹೊರಡುವುದು ಒಳ್ಳೆಯ ರೂಢಿ. ತೆಗೆಯುವುದಾದರೆ, ಯಾವ ಬೆಳಕನ್ನು ಒಳಗೆ ಬಿಡುತ್ತಿದ್ದೇವೆಂದು ತಿಳಿದು ತೆಗೆಯೋಣ.