ಅಡೂರು ಸೀಮೆ: ಅಧಿಕಾರ ಹಸ್ತಾಂತರಕ್ಕೆ ಮುನ್ನಿನ ಪ್ರಜಾಪ್ರಭುತ್ವ ಸುಧಾರಣೆಗಳು

ಪಯಸ್ವಿನೀ ತೀರದ ಅಡೂರು ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದ ಗ್ರಾಮವಾದರೂ, ಬ್ರಿಟಿಷ್ ಪ್ರಭುತ್ವವು ಅಧಿಕಾರವನ್ನು ಅಳೆದಳೆದು ಭಾರತೀಯರಿಗೆ ಬಿಟ್ಟುಕೊಡುತ್ತಿದ್ದ ಕಾಲದಲ್ಲಿ ಅದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದುದರಿಂದ, ಇಲ್ಲಿನ ಜನರ ರಾಜಕೀಯ ಶಿಕ್ಷಣವು ಮದರಾಸಿನ ಶಾಸನಸಭೆಯ ಏಳುಬೀಳುಗಳೊಡನೆ ಹೆಣೆದುಕೊಂಡಿದೆ.

1919ರ ಭಾರತ ಸರ್ಕಾರ ಶಾಸನವು ಸ್ಥಾಪಿಸಿದ ದ್ವಿಪ್ರಭುತ್ವದಲ್ಲಿ ವಿದ್ಯೆ, ಆರೋಗ್ಯ, ವ್ಯವಸಾಯ, ಸ್ಥಳೀಯ ಸ್ವಯಮಾಡಳಿತಗಳು ಸಭೆಗೆ ಉತ್ತರವಾದಿಗಳಾದ ಸಚಿವರ ವಶಕ್ಕೆ ಬಂದುವು. ಹಣಕಾಸು, ಪೊಲೀಸು, ಭೂಕಂದಾಯ, ಅರಣ್ಯಗಳು ಗವರ್ನರನ ಕಾರ್ಯಾಂಗಮಂಡಲಿಯಲ್ಲಿಯೇ ಉಳಿದುವು. ಅಡೂರಿನಂತಹ ಕಾಡಂಚಿನ ಊರಿಗೆ ಈ ವಿಭಜನೆಯ ಅರ್ಥವು ಸ್ಪಷ್ಟವಾಗಿತ್ತು: ಊರಿಗೊಂದು ಶಾಲೆ ಬೇಕೆಂದು ಸಚಿವನನ್ನು ಕೇಳಬಹುದಾಗಿತ್ತು, ಆದರೆ ಅಡಕೆತೋಟದ ಪ್ರಾಣವಾದ ಸೊಪ್ಪುಸೌದೆಯ ಕುಮ್ಕಿ ಹಕ್ಕು, ಗದ್ದೆಯ ತೀರ್ವೆ, ಕಾಡಿನ ಕಟ್ಟಳೆ ಇವೆಲ್ಲ ಜನಪ್ರತಿನಿಧಿಗಳ ಕೈಗೆಟುಕದ ಭಾಗದಲ್ಲಿದ್ದುವು. ಮತಾಧಿಕಾರವು ಮುಖ್ಯವಾಗಿ ಕಂದಾಯ, ತೆರಿಗೆಗಳನ್ನವಲಂಬಿಸಿದ್ದುದರಿಂದ, ಧನಿಗೆ ಗೇಣಿಯನ್ನಳೆಯುತ್ತಿದ್ದ ಚಾಲಗೇಣಿ ಒಕ್ಕಲು ಬಹುಮಟ್ಟಿಗೆ ಹೊರಗೇ ಉಳಿದನು. 1921ರಲ್ಲಿ ಮದರಾಸು ಸಭೆಯು ಸ್ತ್ರೀಯರಿಗೂ ಮತದಾನದ ಹಕ್ಕನ್ನು ಕೊಟ್ಟುದು ನಿಜಕ್ಕೂ ಸ್ತುತ್ಯವಾದ ಕಾರ್ಯ. ಆದರೆ ಆಸ್ತಿಯ ನಿಬಂಧನೆ ಅವರಿಗೂ ತಪ್ಪಲಿಲ್ಲ.

1935ರ ಭಾರತ ಸರ್ಕಾರ ಶಾಸನವು ದ್ವಿಪ್ರಭುತ್ವವನ್ನು ಪ್ರಾಂತಗಳಲ್ಲಿ ಕೊನೆಗಾಣಿಸಿತು. 1937ರ ಚುನಾವಣೆಯಲ್ಲಿ 215 ಸ್ಥಾನಗಳ ವಿಧಾನಸಭೆಯಲ್ಲಿ 159ನ್ನು ಗೆದ್ದ ಕಾಂಗ್ರೆಸ್ಸು ರಾಜಾಜಿಯವರ ನೇತೃತ್ವದಲ್ಲಿ ಮಂತ್ರಿಮಂಡಲವನ್ನು ರಚಿಸಿತಾದರೂ, ಜನರನ್ನು ಕೇಳದೆ ಭಾರತವನ್ನು ಎರಡನೆಯ ಮಹಾಯುದ್ಧಕ್ಕೆಳೆದುದನ್ನು ಪ್ರತಿಭಟಿಸಿ ಅದು 1939ರ ಅಕ್ಟೋಬರಿನಲ್ಲಿ ರಾಜೀನಾಮೆಯನ್ನಿತ್ತೊಡನೆ, ಅದೇ ಶಾಸನದ 93ನೆಯ ವಿಧಿಯು ಸಮಸ್ತಾಧಿಕಾರವನ್ನು ಗವರ್ನರನಿಗೆ ಮರಳಿಸಿತು. 1946ರ ಏಪ್ರಿಲಿನಲ್ಲಿ ಕಾಂಗ್ರೆಸ್ಸಿನ ಟಿ. ಪ್ರಕಾಶಂ ಅಧಿಕಾರಕ್ಕೆ ಬರುವವರೆಗೆ ಆರು ವರ್ಷಗಳಿಗೂ ಮೀರಿ ಸಚಿವರಿಲ್ಲದ ಆಳ್ವಿಕೆ ನಡೆಯಿತು. ಕೊಟ್ಟುದನ್ನು ಹಿಂದೆಗೆದುಕೊಳ್ಳುವ ದಾರಿಯನ್ನು ಕೊಡುವಾಗಲೇ ಇಟ್ಟುಕೊಂಡಿದ್ದುದು ಈ ಸುಧಾರಣೆಗಳ ಮೂಲದೋಷವೆನ್ನದೆ ವಿಧಿಯಿಲ್ಲ. ಆದರೂ ಸಭಾನಡವಳಿಯ ಅಭ್ಯಾಸ, ಆಯವ್ಯಯದ ಚರ್ಚೆ, ಜಿಲ್ಲಾ ಬೋರ್ಡಿನ ಅನುಭವ ಇವು ವ್ಯರ್ಥವಾಗಲಿಲ್ಲ; ಪ್ರಕಾಶಂ ಸಂಪುಟದಲ್ಲಿ ದಕ್ಷಿಣ ಕನ್ನಡದ ಕೆ. ಆರ್. ಕಾರಂತರು ಸಚಿವರಾದರು.

1947ರ ಆಗಸ್ಟ್ 15ರಂದು ಸಾರ್ವಭೌಮತ್ವವು ಹಸ್ತಾಂತರವಾದಾಗ ಅಡೂರಿನ ಬಹುಪಾಲು ಒಕ್ಕಲುಗಳು ಇನ್ನೂ ಮತವನ್ನೇ ಹಾಕಿದವರಲ್ಲ. ವಯಸ್ಕ ಮತದಾನದ ಮೊದಲ ಅವಕಾಶ ಅವರಿಗೆ ದೊರೆತುದು 1952ರ ಮಹಾಚುನಾವಣೆಯಲ್ಲಿ. ಐದು ವರ್ಷಗಳೊಳಗೆ, 1956ರ ನವೆಂಬರ್ 1ರಂದು, ಜನಮತಗಣನೆಯಿಲ್ಲದೆಯೇ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. 1957ರ ಪ್ರಥಮ ಕೇರಳ ಚುನಾವಣೆಯಲ್ಲಿ ನೆರೆಯ ಮಂಜೇಶ್ವರವು ಕನ್ನಡಪರ ಪಕ್ಷೇತರ ಅಭ್ಯರ್ಥಿ ಎಂ. ಉಮೇಶರಾಯರನ್ನು ಅವಿರೋಧವಾಗಿ ಆರಿಸಿ ಕಳುಹಿಸಿತು.