ಕಂದಕದ ನೆರೆಹೊರೆ

ಹುಟ್ಟುಗುಣ ಸುಟ್ಟರೂ ಹೋಗದೆಂಬುದು ನಮ್ಮಲ್ಲಿ ಒಂದು ಗಾದೆ. ಸಹವಾಸದಿಂದ ಸಂನ್ಯಾಸಿ ಕೆಟ್ಟನೆಂಬುದು ಇನ್ನೊಂದು. ಇವೆರಡೂ ಒಂದೇ ಜಗಲಿಯ ಮೇಲೆ, ಒಂದೇ ಬಾಯಿಂದ, ಒಂದೇ ದಿನ ಹೊರಡುವುದುಂಟು. ನೆರೆಯವನ ಮಗನು ದಾರಿತಪ್ಪಿದಾಗ ಮೊದಲನೆಯದನ್ನೂ, ನಮ್ಮ ಮಗನು ದಾರಿತಪ್ಪಿದಾಗ ಎರಡನೆಯದನ್ನೂ ನಾವು ಸ್ಮರಿಸುವುದು ವಾಡಿಕೆ. ಮನುಷ್ಯನ ನಡತೆಗೆ ಕಾರಣವು ಅವನ ಸ್ವಭಾವವೋ, ಅವನು ನಿಂತಿರುವ ಸನ್ನಿವೇಶವೋ ಎಂಬ ಈ ಹಳೆಯ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಗೆಹರಿಸಹೊರಟರೆ ಅದು ಕೊನೆಗಾಣದು. ಆದುದರಿಂದ ಚರಿತ್ರೆಯಲ್ಲಿ ನಡೆದುಹೋದ ಒಂದು ಸಂಗತಿಯನ್ನು ಎದುರಿಗಿಟ್ಟುಕೊಂಡು ವಿಚಾರಮಾಡೋಣ. ಆ ಸಂಗತಿಯು ನಡೆದುದು 1914ನೆಯ ಇಸವಿಯ ಚಳಿಗಾಲದಲ್ಲಿ, ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಸುತ್ತಿನಲ್ಲಿಯೂ ಅದಕ್ಕೆ ದಕ್ಷಿಣವಾಗಿ ಫ್ರಾನ್ಸಿನ ಗಡಿಯೊಳಗೂ.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಯೂರೋಪಿನ ಮಹಾಯುದ್ಧವು ಮೊದಲಾದಾಗ, ಕ್ರಿಸ್‌ಮಸ್ ಹಬ್ಬದೊಳಗಾಗಿ ಅದು ಮುಗಿದುಹೋಗುವುದೆಂದು ಎರಡು ಪಕ್ಷಗಳಲ್ಲಿಯೂ ಅನೇಕರು ನಂಬಿದ್ದರು. ಹಾಗಾಗಲಿಲ್ಲ. ಚಳಿಗಾಲದ ಹೊತ್ತಿಗೆ ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸೈನ್ಯಗಳು ನೆಲವನ್ನು ತೋಡಿ, ಕಂದಕಗಳಲ್ಲಿ ಕುಳಿತುಬಿಟ್ಟವು. ಎದುರು ಕಂದಕವು ಕೆಲವೆಡೆಗಳಲ್ಲಿ ನೂರು ಗಜಗಳಿಗಿಂತಲೂ ಹತ್ತಿರವಾಗಿತ್ತು. ಇವರ ಕೆಮ್ಮು ಅವರಿಗೆ ಕೇಳಿಸುತ್ತಿತ್ತು, ಅವರ ಹಾಡು ಇವರಿಗೆ. ಒಂದೇ ಮಳೆಯು ಇಬ್ಬರನ್ನೂ ತೋಯಿಸುತ್ತಿತ್ತು. ಒಂದೇ ಕೆಸರು ಇಬ್ಬರ ಮೊಣಕಾಲಿಗೂ ಏರುತ್ತಿತ್ತು.

ಡಿಸೆಂಬರ್ 24ರ ರಾತ್ರಿ ಜರ್ಮನರ ಕಂದಕಗಳ ಅಂಚಿನಲ್ಲಿ ದೀಪಗಳು ಕಾಣಿಸಿಕೊಂಡುವು. ಕ್ರಿಸ್‌ಮಸ್ ಹಾಡುಗಳು ಕೇಳಿಬಂದುವು. ಈ ಕಡೆಯಿಂದ ಆಂಗ್ಲೇಯರು ತಮ್ಮ ಹಾಡನ್ನು ಹಾಡಿ ಉತ್ತರವಿತ್ತರು. ಮರುದಿನ ಬೆಳಗ್ಗೆ ಒಬ್ಬಿಬ್ಬರು ಬರಿಗೈಯಲ್ಲಿ ಮೇಲೆದ್ದು ನಿಂತರು. ಯಾರೂ ಗುಂಡು ಹಾರಿಸಲಿಲ್ಲ. ನೋಡುನೋಡುತ್ತಿದ್ದಂತೆಯೇ ನಡುವಣ ಬಯಲಿನಲ್ಲಿ ಗುಂಪು ಸೇರಿತು. ಹೊಗೆಸೊಪ್ಪು, ತಿಂಡಿ, ಅಂಗಿಯ ಗುಂಡಿಗಳು ಕೈಯಿಂದ ಕೈಗೆ ಸಂದುವು. ವಾರಗಟ್ಟಲೆ ಅಲ್ಲಿ ಬಿದ್ದಿದ್ದ ಹೆಣಗಳನ್ನು ಎರಡು ಕಡೆಯವರೂ ಸೇರಿ ಹೂಳಿದರು. ಸ್ಕಾಟ್ಲೆಂಡಿನ ಗಾರ್ಡನ್ ಹೈಲ್ಯಾಂಡರ್ಸ್ ಪಟಾಲಮು ಇದ್ದೆಡೆಯಲ್ಲಿ ಬೈಬಲಿನ 23ನೆಯ ಕೀರ್ತನೆಯನ್ನು ಮೊದಲು ಇಂಗ್ಲಿಷಿನಲ್ಲಿಯೂ ಅನಂತರ ಜರ್ಮನ್ ಭಾಷೆಯಲ್ಲಿಯೂ ಓದಿ ಶವಸಂಸ್ಕಾರ ಮಾಡಿದರು. ನಮ್ಮ ದೇಶದಿಂದ ಹೋಗಿದ್ದ ಗಢವಾಲಿ ಪಟಾಲಮೊಂದು ಕಾವಲಿದ್ದ ಭಾಗದಲ್ಲಿಯೂ ಅಂದು ಬಂದೂಕುಗಳು ಮೌನವಾಗಿದ್ದುವು. ಅದೇ ಪಟಾಲಮು ಮೂರು ತಿಂಗಳು ತುಂಬುವ ಮೊದಲೇ, 1915ರ ಮಾರ್ಚ್ 10ರಂದು, ನವ್ ಶಪೆಲ್ ಎಂಬ ಹಳ್ಳಿಯ ಮೇಲಣ ದಾಳಿಯಲ್ಲಿ ಕೈಕೈ ಕಾಳಗ ಮಾಡಿತು. ಅದರ ಯೋಧ ಗಬರ್ ಸಿಂಗ್ ನೇಗಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಹಸ್ತಲಾಘವ ಕೊಟ್ಟ ಪಟಾಲಮೂ ಬಯೊನೆಟ್ಟು ಹಿಡಿದ ಪಟಾಲಮೂ ಒಂದೇ ಎಂಬುದನ್ನು ನಾವು ಇಲ್ಲಿ ಗಮನಿಸತಕ್ಕದ್ದು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಅದನ್ನು ಹಬ್ಬದ ದಿನದ ಒಂದು ಪವಾಡವೆಂದು ಭಾವಿಸುತ್ತಾರೆ. ಅದು ಪವಾಡವಲ್ಲ. ಹಬ್ಬಕ್ಕೆ ಇಪ್ಪತ್ತು ದಿನ ಮೊದಲೇ, ಡಿಸೆಂಬರ್ 5ರಂದು, ಬ್ರಿಟಿಷ್ ಎರಡನೆಯ ಸೇನಾದಳದ ನಾಯಕ ಸ್ಮಿತ್-ಡೋರಿಯನ್ ಒಂದು ಎಚ್ಚರಿಕೆಯನ್ನು ಹೊರಡಿಸಿದ್ದನು. ಶತ್ರುವಿಗೆ ಹತ್ತಿರದಲ್ಲಿ ಬಹುಕಾಲ ಕುಳಿತ ಸೈನಿಕರು, ತಡೆಯುವವರಿಲ್ಲದಿದ್ದರೆ, 'ನೀನೂ ಬದುಕು, ನಾನೂ ಬದುಕುತ್ತೇನೆ' ಎಂಬ ಮನೋಭಾವಕ್ಕೆ ಬಲು ಸುಲಭವಾಗಿ ಜಾರಿಹೋಗುವರೆಂಬುದೇ ಅದರ ಸಾರಾಂಶ. ಆ ಸೇನಾನಿಯು ತನ್ನ ಸೈನಿಕರ ಸ್ವಭಾವವನ್ನು ದೂರಲಿಲ್ಲ. ಅವರು ಕುಳಿತಿದ್ದ ಜಾಗವು ಅವರಿಗೆ ಏನು ಮಾಡುವುದೆಂಬುದನ್ನು ಕಂಡುಕೊಂಡನು.

ಹಬ್ಬವು ಕಳೆದ ಮೇಲೂ ಈ ಮನೋಭಾವವು ಅಳಿಯಲಿಲ್ಲ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಟೋನಿ ಆಶ್‌ವರ್ತ್, ಸೈನಿಕರ ದಿನಚರಿಗಳನ್ನೂ ಪತ್ರಗಳನ್ನೂ ಪಟಾಲಮುಗಳ ಚರಿತ್ರೆಗಳನ್ನೂ ಶೋಧಿಸಿ, 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಬಗೆಯನ್ನು ವಿವರಿಸಿದ್ದಾನೆ. ಸಂಜೆಗೆ ಆಹಾರ ಹೊತ್ತು ತರುವವರ ದಾರಿಯ ಮೇಲೆ ಗುಂಡು ಬೀಳುತ್ತಿರಲಿಲ್ಲ. ಬಿದ್ದರೆ ಎದುರಿನವರ ಊಟಕ್ಕೂ ಅದೇ ಗತಿಯಾಗುತ್ತಿತ್ತು. ಫಿರಂಗಿಗಳು ದಿನವೂ ಅದೇ ಹೊತ್ತಿಗೆ, ಅದೇ ಸ್ಥಳಕ್ಕೆ ಹಾರುತ್ತಿದ್ದುವು. ಆ ಹೊತ್ತಿಗೆ ಆ ಸ್ಥಳದಲ್ಲಿ ಯಾರೂ ಇರುತ್ತಿರಲಿಲ್ಲ. ಮೇಲಧಿಕಾರಿಗಳಿಗೆ ಸದ್ದು ಕೇಳಿಸುತ್ತಿತ್ತು, ಲೆಕ್ಕವೂ ಸರಿಹೋಗುತ್ತಿತ್ತು. ಕಾವಲು ಬದಲಾಯಿಸಿ ಹೋಗುವ ದಂಡು, ಬರುವ ದಂಡಿಗೆ ಅಲ್ಲಿಯ ಪದ್ಧತಿಯನ್ನು ಹೇಳಿಕೊಟ್ಟು ಹೋಗುತ್ತಿತ್ತು.

ಇದಕ್ಕೆ ಕಾರಣಗಳೇನು? ಮೂರು ಕಾರಣಗಳು ನಮಗೆ ತೋರುತ್ತವೆ. ಒಂದು, ಎದುರಾಳಿಯು ಕಣ್ಣಿಗೂ ಕಿವಿಗೂ ನಿಲುಕುವಷ್ಟು ಹತ್ತಿರದಲ್ಲಿದ್ದನು. ಎರಡು, ಇಂದು ಎದುರಿಗಿದ್ದವನೇ ನಾಳೆಯೂ ನಾಡಿದ್ದೂ ಎದುರಿಗಿರುವವನು. ಮೂರು, ತಾನು ಮಾಡಿದುದರ ಫಲವು ಗಂಟೆಯೊಳಗಾಗಿ ತನ್ನ ತಲೆಯ ಮೇಲೆಯೇ ಬೀಳುತ್ತಿತ್ತು. ಮೈಲಿಗಳ ಹಿಂದೆ ನಕ್ಷೆಯ ಮುಂದೆ ಕುಳಿತವರಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಒಂದೇ ದೇಶದವರು, ಒಂದೇ ಶಾಲೆಯಲ್ಲಿ ಓದಿದವರು, ಒಬ್ಬನು ಕಂದಕದಲ್ಲಿಯೂ ಇನ್ನೊಬ್ಬನು ಕಚೇರಿಯಲ್ಲಿಯೂ ಇದ್ದ ಮಾತ್ರಕ್ಕೆ ಯುದ್ಧವನ್ನು ಬೇರೆಬೇರೆಯಾಗಿ ಕಂಡರು.

ಈ ಶಾಂತಿಯು ಎಲ್ಲೆಡೆಯೂ ಒಂದೇ ತೆರನಾಗಿ ಹಬ್ಬಲಿಲ್ಲವೆಂಬುದನ್ನೂ ಹೇಳಬೇಕು. 1914ರ ಕ್ರಿಸ್‌ಮಸ್ ದಿನವೇ ಗುಂಡೇಟಿನಿಂದ ಸತ್ತವರಿದ್ದಾರೆ. ಫ್ರೆಂಚರ ಮತ್ತು ಬೆಲ್ಜಿಯನ್ನರ ಕಂದಕಗಳಲ್ಲಿ ಸಂಧಿಯು ವಿರಳವಾಗಿತ್ತು. ತಮ್ಮ ಹೊಲಮನೆಗಳನ್ನೇ ಆಕ್ರಮಿಸಿಕೊಂಡು ಕುಳಿತಿದ್ದವನ ಕೈಹಿಡಿಯುವುದು ಅವರಿಗೆ ಅಷ್ಟು ಸುಲಭವಾಗಿರಲಿಲ್ಲ. ಇದು ನಮ್ಮ ವಾದಕ್ಕೆ ವಿರೋಧವಲ್ಲ. ಅವರ ಸನ್ನಿವೇಶವೇ ಬೇರೆಯಾಗಿತ್ತು.

ಮೇಲಧಿಕಾರಿಗಳು ಇದನ್ನು ಮುರಿದ ಬಗೆಯೇ ಈ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದ ಭಾಗ. ಮೊದಲು ಅವರು ಆಜ್ಞೆಗಳನ್ನು ಹೊರಡಿಸಿದರು. 1915ರ ಕ್ರಿಸ್‌ಮಸ್ ದಿನ ಸ್ಕಾಟ್ಸ್ ಗಾರ್ಡ್ಸ್ ಪಟಾಲಮಿನ ಸರ್ ಇಯಾನ್ ಕಾಲ್‌ಹೂನ್ ಎಂಬ ಅಧಿಕಾರಿಯು, ಹೆಣಗಳನ್ನು ಹೂಳುವುದಕ್ಕಾಗಿ ಅಲ್ಪಕಾಲದ ವಿರಾಮಕ್ಕೆ ಒಪ್ಪಿದನೆಂದು, 1916ರ ಜನವರಿಯಲ್ಲಿ ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಛೀಮಾರಿಯ ಶಿಕ್ಷೆಯನ್ನು ವಿಧಿಸಿದರು. ಮಹಾಸೇನಾಧಿಪತಿ ಹೇಗ್ ಅದನ್ನೂ ಮನ್ನಾಮಾಡಿದನು. ಆದರೆ ಆಜ್ಞೆಗಳಿಂದ ಬಹಿರಂಗವಾದ ಹಸ್ತಲಾಘವವು ನಿಂತಿತೇ ಹೊರತು ಒಳಗಿನ ಒಪ್ಪಂದವು ನಿಲ್ಲಲಿಲ್ಲ. ಶತ್ರುವಿನ ಬೇಲಿಯವರೆಗೆ ಹೋಗಿಬಂದುದಕ್ಕೆ ಸಾಕ್ಷಿಯಾಗಿ ಅವನ ಮುಳ್ಳುತಂತಿಯ ತುಂಡನ್ನು ತರಬೇಕೆಂದರೆ, ತಂತಿಯ ಸುರುಳಿಯೊಂದನ್ನೇ ಅಡಗಿಸಿಟ್ಟುಕೊಂಡು, ಕೇಳಿದಾಗಲೆಲ್ಲ ಒಂದು ತುಂಡನ್ನು ಕತ್ತರಿಸಿ ಕಳುಹಿಸಿದವರೂ ಇದ್ದರು.

ಕಟ್ಟಕಡೆಗೆ ಗೆದ್ದುದು ಬೇರೆ ಉಪಾಯ. ಸಣ್ಣ ತಂಡಗಳು ರಾತ್ರಿಯ ಹೊತ್ತು ಎದುರು ಕಂದಕಕ್ಕೆ ನುಗ್ಗಿ, ಕೊಂದು, ಸೆರೆಹಿಡಿದು ಬರಬೇಕೆಂಬ ಪದ್ಧತಿಯು ಬಲವಾಯಿತು. ಇದರಲ್ಲಿ ನಟನೆಗೆ ಎಡೆಯಿಲ್ಲ. ಸೆರೆಯಾಳು ಬಂದನೋ ಇಲ್ಲವೋ ಎಂಬುದು ಬೆಳಗಾಗುವುದರೊಳಗೆ ತಿಳಿಯುತ್ತದೆ. ಒಂದು ರಾತ್ರಿ ಗೆಳೆಯನನ್ನು ಕಳೆದುಕೊಂಡ ದಂಡಿಗೆ ಮರುರಾತ್ರಿ ಸೇಡು ತೀರಿಸಿಕೊಳ್ಳಲು ಯಾರ ಆಜ್ಞೆಯೂ ಬೇಕಾಗುವುದಿಲ್ಲ. ದ್ವೇಷದ ಉಪನ್ಯಾಸಗಳು ಮಾಡಲಾರದುದನ್ನು ಈ ವ್ಯವಸ್ಥೆಯು ಮಾಡಿತು. ಅಧಿಕಾರಿಗಳು ಸೈನಿಕರ ಹೃದಯವನ್ನು ತಿದ್ದಹೋಗಲಿಲ್ಲ. ಸನ್ನಿವೇಶವನ್ನು ತಿದ್ದಿದರು, ಹೃದಯವು ತಾನಾಗಿ ಹಿಂಬಾಲಿಸಿತು.

ಇದೇ ಸತ್ಯವನ್ನು ಬಹುಕಾಲದ ತರುವಾಯ ಮನಶ್ಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ, ಇನ್ನೊಬ್ಬನು ಪಾಠ ಒಪ್ಪಿಸುವಾಗ ತಪ್ಪಿದರೆ ಅವನಿಗೆ ಹೆಚ್ಚುಹೆಚ್ಚಾಗಿ ವಿದ್ಯುದಾಘಾತ ಕೊಡಬೇಕೆಂದು ಸಾಮಾನ್ಯ ನಾಗರಿಕರಿಗೆ ಅಪ್ಪಣೆಯಾಗುತ್ತಿತ್ತು. ಆಘಾತವು ನಿಜವಾದುದಲ್ಲ, ಕೊಡುವವನಿಗೆ ಮಾತ್ರ ಅದು ತಿಳಿಯದು. ಪೆಟ್ಟು ತಿನ್ನುವವನು ಗೋಡೆಯಾಚೆ ಇದ್ದಾಗ 40 ಮಂದಿಯಲ್ಲಿ 26 ಮಂದಿ ಕಟ್ಟಕಡೆಯ 450 ವೋಲ್ಟಿನವರೆಗೂ ಹೋದರು. ಅವನ ಕೈಯನ್ನು ತಾವೇ ಹಿಡಿದು ಒತ್ತಬೇಕಾದಾಗ ಹಾಗೆ ಹೋದವರು 12 ಮಂದಿ ಮಾತ್ರ. ಅಪ್ಪಣೆಮಾಡುವವನು ಕೊಠಡಿಯಿಂದ ಹೊರಟುಹೋಗಿ ಟೆಲಿಫೋನಿನಲ್ಲಿ ಮಾತನಾಡಿದಾಗ ವಿಧೇಯರು ಐವರಲ್ಲಿ ಒಬ್ಬರಷ್ಟಕ್ಕೆ ಇಳಿದರು. ಈ ಪ್ರಯೋಗಗಳು ನ್ಯಾಯವಾದುವೇ ಎಂಬ ಬಗ್ಗೆ ಬಲವಾದ ಆಕ್ಷೇಪಗಳಿವೆ. ಆದರೂ ಕಂದಕವು ಕಲಿಸಿದ ಪಾಠವನ್ನೇ ಅವೂ ಹೇಳುತ್ತವೆ: ನೋಯುವವನು ಹತ್ತಿರವಾದಷ್ಟೂ ಕೈ ಹಿಂದೆಗೆಯುತ್ತದೆ, ಆಜ್ಞೆಯು ಹತ್ತಿರವಾದಷ್ಟೂ ಕೈ ಮುಂದಾಗುತ್ತದೆ.

ಹಾಗಾದರೆ ಮನುಷ್ಯನು ಸೂತ್ರದ ಬೊಂಬೆಯೇ, ಪಾಪಪುಣ್ಯಗಳ ಹೊಣೆಯು ಯಾರಿಗೂ ಇಲ್ಲವೇ ಎಂದು ಕೇಳಬಹುದು. ಹಾಗೆ ಹೇಳಲಾಗದು. ಅದೇ ಕೊಠಡಿಯಲ್ಲಿ, ಅದೇ ಅಪ್ಪಣೆಯನ್ನು ಕೇಳಿಯೂ 40ರಲ್ಲಿ 14 ಮಂದಿ ಕೈತೆಗೆದರು. ಸನ್ನಿವೇಶವು ಒಂದು ಇಳಿಜಾರು. ಅದರ ಮೇಲೆ ನಿಲ್ಲುವುದು ಕಷ್ಟವೇ ಹೊರತು ಅಸಾಧ್ಯವಲ್ಲ. ಜಾರಿದವನ ಹೊಣೆಯು ಅದರಿಂದ ಕರಗುವುದಿಲ್ಲ. ಆದರೆ ಇಳಿಜಾರನ್ನು ಕಟ್ಟಿದವನ ಹೊಣೆಯೊಂದು ಅದಕ್ಕೆ ಕೂಡಿಕೊಳ್ಳುತ್ತದೆ. ಲೋಕವು ಸಾಮಾನ್ಯವಾಗಿ ಮರೆಯುವುದು ಈ ಎರಡನೆಯವನನ್ನು.

ನಗರವಾಸಿಗಳಾದ ನಮ್ಮ ಜೀವನವೆಲ್ಲ ಇಂಥ ಏರ್ಪಾಡುಗಳ ನಡುವೆಯೇ ಸಾಗುತ್ತದೆ. ಕಚೇರಿ, ಪಾಠಶಾಲೆ, ಆಸ್ಪತ್ರೆಗಳಲ್ಲಿ ನಿರ್ದಯೆಯನ್ನು ಕಂಡಾಗ ಅಲ್ಲಿರುವವರು ಕೆಟ್ಟವರೆಂದು ತೀರ್ಪುಕೊಡುವುದು ಸುಲಭ. ಅವರನ್ನು ತೆಗೆದು ಬೇರೆಯವರನ್ನು ಅದೇ ಕುರ್ಚಿಯಲ್ಲಿ ಕೂರಿಸಿದರೆ ಅವರೂ ಹಾಗೆಯೇ ಆಗುವುದನ್ನು ಕಂಡು ನಿರಾಶರಾಗುವುದೂ ಅಷ್ಟೇ ಸುಲಭ. ತೀರ್ಪಿಗೆ ಮೊದಲು ಕಂದಕವು ಕಲಿಸಿದ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಮೇಲು. ಅರ್ಜಿಯನ್ನು ತಳ್ಳಿಹಾಕುವವನಿಗೆ ಅರ್ಜಿದಾರನ ಮುಖವು ಕಾಣುವುದೇ? ಇವರಿಬ್ಬರೂ ನಾಳೆ ಮತ್ತೆ ಭೇಟಿಯಾಗುವರೇ? ಮಾಡಿದುದರ ಫಲವು ಮಾಡಿದವನಿಗೆ ಮುಟ್ಟುವುದೇ? ಉಪದೇಶದಿಂದ ಮನುಷ್ಯನನ್ನು ತಿದ್ದಲು ಹಲವು ತಲೆಮಾರುಗಳು ಬೇಕಾಗಬಹುದು. ಈ ಮೂರಕ್ಕೂ ಹೌದೆಂಬ ಉತ್ತರವು ಬರುವಂತೆ ಒಂದು ಮೇಜನ್ನೂ ಒಂದು ಬಾಗಿಲನ್ನೂ ಸರಿಪಡಿಸಲು ಅಷ್ಟು ಕಾಲವು ಬೇಕಾಗಲಾರದು.