ಕಕ್ಕಡದ ತಿಳಿವಳಿಕೆ ಮತ್ತು ವಿಪತ್ತಿನ ಯೋಜನೆ: ಕರಿಕೆಯ ನೆಲೆಯಿಂದ ಒಂದು ವಿವೇಚನೆ

ಕೊಡಗಿನ ಪಶ್ಚಿಮದ ಅಂಚಿನಲ್ಲಿರುವ ಕರಿಕೆಯು ಭಾಗಮಂಡಲದಿಂದ ಘಟ್ಟವಿಳಿದಾಗ ಸಿಗುವ ಗಡಿಗ್ರಾಮ. ಅದರಾಚೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ತಲಕಾವೇರಿಯ ಬೆಟ್ಟಸಾಲಿನ ಪೂರ್ವದ ನೀರು ಕಾವೇರಿಯನ್ನು ಸೇರಿದರೆ, ಈ ಇಳಿಜಾರಿನ ತೊರೆಗಳು ಪಡುವಣ ಕಡಲಿಗೆ ಹರಿಯುತ್ತವೆ. ಅರೆಭಾಷೆ, ಮಲಯಾಳ, ತುಳು, ಕನ್ನಡಗಳು ಇಲ್ಲಿ ಒಟ್ಟಿಗೆ ಕೇಳಿಬರುತ್ತವೆ. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಮಣ್ಣು ಕುಸಿದರೆ ಊರಿಗೆ ಮಡಿಕೇರಿಯ ನೇರ ಸಂಪರ್ಕ ತಪ್ಪುತ್ತದೆ. ಇಂತಹ ಊರಿಗೆ ವಿಪತ್ತಿನ ಯೋಜನೆಯನ್ನು ಯಾರು, ಯಾವ ಅರಿವಿನಿಂದ ರೂಪಿಸಬೇಕು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಅವಧಿಯನ್ನು ಕೊಡವರು ಕಕ್ಕಡವೆಂದೂ ತುಳು ಹಾಗೂ ಅರೆಭಾಷೆಯವರು ಆಟಿಯೆಂದೂ ಮಲಯಾಳಿಗಳು ಕರ್ಕಾಟಕವೆಂದೂ ಕರೆಯುತ್ತಾರೆ. ಹೆಸರು ಬೇರೆಯಾದರೂ ನಡಾವಳಿ ಒಂದೇ ತೆರನಾದುದು. ಈ ತಿಂಗಳಲ್ಲಿ ಶುಭಕಾರ್ಯಗಳಿಲ್ಲ, ಅನಗತ್ಯ ಪ್ರಯಾಣವಿಲ್ಲ. ಅಕ್ಕಿ, ಒಣಸೌದೆ, ಉಪ್ಪಿನಲ್ಲಿಟ್ಟ ಹಲಸು, ಒಣಮೀನುಗಳನ್ನು ಮೊದಲೇ ಕೂಡಿಡುವುದು ರೂಢಿ. ಕಕ್ಕಡ ಹದಿನೆಂಟರಂದು, ಎಂದರೆ ಆಗಸ್ಟ್ 3ರ ಸುಮಾರಿಗೆ, ಆಟಿಸೊಪ್ಪಿನ ಪಾಯಸ ಉಣ್ಣುತ್ತಾರೆ. ಇವನ್ನು ಕೇವಲ ಆಚರಣೆಗಳೆಂದು ಪಟ್ಟಿಮಾಡಿದರೆ ಅರ್ಧ ಅರ್ಥ ಮಾತ್ರ ದೊರೆಯುತ್ತದೆ. ಹೊರಗಿನ ನೆರವಿಲ್ಲದೆ ಒಂದು ತಿಂಗಳು ಬದುಕುವ ಸಿದ್ಧತೆ ಇವುಗಳಲ್ಲಿ ಅಡಗಿದೆ.

ಇತ್ತೀಚಿನ ದುರಂತಗಳು ಈ ಕಾಲಗಣನೆಯನ್ನು ಮತ್ತೆ ನೆನಪಿಸುತ್ತವೆ. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರು, ಹಟ್ಟಿಹೊಳೆಗಳ ಸುತ್ತ ಗುಡ್ಡಗಳು ಕುಸಿದವು. 2019ರ ಆಗಸ್ಟ್ 9ರಂದು ಭಾಗಮಂಡಲದ ಬಳಿಯ ಕೋರಂಗಾಲದಲ್ಲಿ ಮನೆಗಳು ಮಣ್ಣಿನಡಿ ಸೇರಿದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಅರ್ಚಕರ ಮನೆಯ ಮೇಲೆ ಬೆಟ್ಟ ಜರಿಯಿತು. ಈ ಮೂರೂ ಘಟನೆಗಳು ರೈತರು ಹೇಳುವ ಆಶ್ಲೇಷ ಮಳೆಯ ಅವಧಿಯಲ್ಲಿ, ಇಲ್ಲವೇ ಅದು ಮುಗಿಯುವ ಹೊತ್ತಿನಲ್ಲಿ ಸಂಭವಿಸಿವೆ. ಇದನ್ನು ಜ್ಯೋತಿಷ್ಯವೆಂದು ಬಗೆಯಬೇಕಾಗಿಲ್ಲ. ಎರಡು ತಿಂಗಳ ಮಳೆಗೆ ನೆನೆದು ನೆಲ ಭಾರವಾಗುವ ಹೊತ್ತನ್ನು ತಲೆಮಾರುಗಳು ಗಮನಿಸಿ ಇಟ್ಟ ಹೆಸರದು.

ಆದರೆ ಪರಂಪರೆಯ ಅರಿವೊಂದೇ ಸಾಕೆನ್ನುವುದು ಸರಿಯಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 2018ರ ಕುಸಿತಗಳಿಗೆ ಅತಿವೃಷ್ಟಿಯೊಡನೆ ಮನುಷ್ಯರು ಇಳಿಜಾರುಗಳನ್ನು ಕಡಿದುದನ್ನೂ ಕಾರಣವಾಗಿ ಗುರುತಿಸಿತು. ರಸ್ತೆಗೆಂದು, ಮನೆಗೆಂದು ಯಂತ್ರದಿಂದ ಬಗೆದ ಗುಡ್ಡದ ವರ್ತನೆ ಹಿರಿಯರ ನೆನಪಿನಲ್ಲಿರಲು ಸಾಧ್ಯವಿಲ್ಲ. 2022ರ ಜೂನ್ ಕೊನೆಯಲ್ಲಿ ಕರಿಕೆ, ಚೆಂಬು, ಸಂಪಾಜೆ ಭಾಗಗಳಲ್ಲಿ ಲಘುಕಂಪನಗಳಾದಾಗ ಅಳತೆಗೆ ಉಪಕರಣಗಳೇ ಬೇಕಾದವು. ಹೀಗಾಗಿ ವಿಜ್ಞಾನ ಮತ್ತು ಜನಪದ ಜ್ಞಾನ ಪರಸ್ಪರ ಪೂರಕವಾಗಬೇಕು. ಮಾಪಕವು ಮಳೆಯ ಪ್ರಮಾಣವನ್ನು ಹೇಳಬಲ್ಲದು. ಬತ್ತಿದ್ದ ಯಾವ ಒರತೆ ಮರಳಿ ಉಕ್ಕಿತು, ಯಾವ ತೊರೆ ಇದ್ದಕ್ಕಿದ್ದಂತೆ ಕೆಂಪಾಯಿತು ಎಂಬುದನ್ನು ಅಲ್ಲಿ ಬಾಳುವವರೇ ಹೇಳಬೇಕು.

ಪುನರ್ವಸತಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 2018ರ ಸಂತ್ರಸ್ತರಿಗಾಗಿ ಕರ್ಣಂಗೇರಿ, ಮದೆ, ಜಂಬೂರುಗಳಲ್ಲಿ ಬಡಾವಣೆಗಳು ನಿರ್ಮಾಣವಾದವು. ಸುರಕ್ಷಿತ ಸೂರು ಅತ್ಯಗತ್ಯವಾಗಿತ್ತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಲೆನಾಡಿನ ಕುಟುಂಬಕ್ಕೆ ಮನೆಯೆಂದರೆ ತೋಟ, ನೀರಿನ ಕಣಿ, ಹಿರಿಯರ ನೆಲೆ, ದೈವದ ಕಟ್ಟೆ, ದೇವರಕಾಡು ಎಲ್ಲವೂ ಸೇರಿದ್ದು. ಯಾವುದನ್ನು ಬಿಟ್ಟುಹೋಗಬಹುದು, ಯಾವುದರ ಸಮೀಪದಲ್ಲಿರಬೇಕು ಎಂಬ ನಿರ್ಧಾರದಲ್ಲಿ ಆ ಜನರ ದನಿ ಇರದಿದ್ದರೆ ಮನೆ ಸಿಕ್ಕಿಯೂ ಊರು ಕಳೆದುಹೋಗುತ್ತದೆ.

2005ರ ವಿಪತ್ತು ನಿರ್ವಹಣಾ ಅಧಿನಿಯಮವು ಜಿಲ್ಲಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಸಿದ್ಧಪಡಿಸಬೇಕೆಂದು ವಿಧಿಸಿತು. ಕೇರಳವು 2018ರ ಪ್ರವಾಹದ ತರುವಾಯ ಪಂಚಾಯತಿ ಮಟ್ಟದಲ್ಲಿಯೇ ಇಂತಹ ಯೋಜನೆಗಳನ್ನು ಬರೆಸಲು ಮುಂದಾಯಿತು. ಕರಿಕೆಯ ನೆರೆಯ ಪಾಣತ್ತೂರು ಆ ರಾಜ್ಯಕ್ಕೆ ಸೇರಿದ್ದು. ಗುಡ್ಡವಾಗಲಿ ತೊರೆಯಾಗಲಿ ರಾಜ್ಯದ ಗಡಿಯನ್ನು ಅರಿಯವು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಕಾಸರಗೋಡಿನ ಗಡಿರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದಾಗ, ಗಡಿಯ ಜನರಿಗೆ ಆಸ್ಪತ್ರೆಯ ದಾರಿಯೂ ಗಡಿ ದಾಟಿಯೇ ಇರುತ್ತದೆಂಬುದು ಸ್ಪಷ್ಟವಾಯಿತು. ಆದುದರಿಂದ ಇಲ್ಲಿನ ಯೋಜನೆ ಎರಡು ಪಂಚಾಯತಿಗಳ ಜಂಟಿ ಕಾರ್ಯವಾಗುವುದು ಯುಕ್ತ.

ಅದರ ಆರಂಭ ಸರಳವಾಗಿರಬಹುದು. ಆಟಿಗೆ ಮೊದಲಿನ ಗ್ರಾಮಸಭೆಯಲ್ಲಿ ಹಿಂದೆ ಕುಸಿದ ಬರೆಗಳು, ಹಳೆಯ ಕಾಲುದಾರಿಗಳು, ಒಂಟಿಯಾಗಿರುವ ವೃದ್ಧರ ಮನೆಗಳು, ಎತ್ತರದ ಆಶ್ರಯತಾಣಗಳು ಇವುಗಳ ನಕ್ಷೆಯನ್ನು ಊರವರೇ ಬರೆಯಬೇಕು. ಮಲೆಯನ್ನು ನಡೆದೇ ಬಲ್ಲ ಕುಡಿಯರನ್ನೂ, ತೊರೆಯ ನೀರನ್ನು ದಿನವೂ ನೋಡುವ ಹೆಂಗಸರನ್ನೂ ಮಾಹಿತಿದಾರರೆಂದಷ್ಟೇ ಕಾಣದೆ ತೀರ್ಮಾನಿಸುವವರೆಂದು ಅಲ್ಲಿ ಕೂರಿಸಬೇಕು. ಜನಪದ ಅಧ್ಯಯನವು ಇದುವರೆಗೆ ಹಾಡು, ಕಥೆ, ಆಚರಣೆಗಳನ್ನು ಸಂಗ್ರಹಿಸಿ ಗ್ರಂಥಾಲಯಗಳಿಗೆ ಒಪ್ಪಿಸಿದೆ. ನೆಲದ ಕುರಿತ ನೆನಪುಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಿ, ಅವುಗಳ ಮೊದಲ ಪ್ರತಿಯನ್ನು ಆಯಾ ಪಂಚಾಯತಿಗೇ ಹಿಂದಿರುಗಿಸುವುದು ಅದರ ಮುಂದಿರುವ ಕರ್ತವ್ಯ.